ಹೊರಡುವ ಮೊದಲೇ ಡ್ರೈವರ್

ಬ್ರಾಡ್‌ಕಾಮ್ ಕಂಪನಿ 2023ರ ನವೆಂಬರ್‌ನಲ್ಲಿ ವಿಎಂವೇರ್ ಅನ್ನು ಕೊಂಡಿತು. ಮರು ತಿಂಗಳೇ ಶಾಶ್ವತ ಲೈಸೆನ್ಸ್ ಮಾರಾಟಕ್ಕೆ ತೆರೆ ಬಿತ್ತು. ಅಲ್ಲಿಂದೀಚೆಗೆ ಸರ್ವರ್ ನೋಡಿಕೊಳ್ಳುವವರು ಎಲ್ಲಿ ಸೇರಿದರೂ ಒಂದೇ ಮಾತು: ವಿಎಂವೇರ್‌ನ ಇಎಸ್‌ಎಕ್ಸ್‌ಐ ಬಿಟ್ಟು ಪ್ರಾಕ್ಸ್‌ಮಾಕ್ಸ್‌ಗೆ ಹೋಗುವುದು ಹೇಗೆ? ಪ್ರಾಕ್ಸ್‌ಮಾಕ್ಸ್‌ನವರೂ ಸುಮ್ಮನೆ ಕೂರಲಿಲ್ಲ. ಇಎಸ್‌ಎಕ್ಸ್‌ಐನಲ್ಲಿರುವ ವಿಎಂಗಳನ್ನು ನೇರವಾಗಿ ಎಳೆದುಕೊಳ್ಳುವ ಇಂಪೋರ್ಟ್ ಸೌಲಭ್ಯವನ್ನು 2024ರಲ್ಲಿ ಕೊಟ್ಟರು.

ಆದರೆ ಡಿಸ್ಕ್ ಸಾಗಿಸುವುದು ಈ ವಲಸೆಯ ತೀರಾ ಸುಲಭದ ಭಾಗ. ಕೈಯಲ್ಲೇ ಮಾಡುವುದಾದರೂ ವಿಎಂಡಿಕೆ ಫೈಲನ್ನು ಕ್ಯೂಕೌ2 ಮಾಡಲು ಕ್ಯೂಎಮುವಿನ ಒಂದು ಸಾಲಿನ ಕಮ್ಯಾಂಡ್ ಸಾಕು. ಮರೆಯಬಾರದ್ದು ಸ್ನ್ಯಾಪ್‌ಶಾಟ್: ಅದನ್ನು ಮೊದಲೇ ವಿಲೀನ ಮಾಡದೆ ಮೂಲ ಡಿಸ್ಕನ್ನಷ್ಟೇ ತಂದರೆ, ಸ್ನ್ಯಾಪ್‌ಶಾಟ್ ತೆಗೆದ ದಿನಕ್ಕೇ ವಿಎಂ ನಿಂತುಬಿಟ್ಟಿರುತ್ತದೆ.

ನಿಜವಾದ ಆಟ ಶುರುವಾಗುವುದು ವಿಂಡೋಸ್ ಬೂಟ್ ಆಗುವಾಗ. ನೀಲಿ ಪರದೆ, ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’. ಡಿಸ್ಕ್ ಕೆಟ್ಟಿತೆಂದು ಮತ್ತೆ ಕನ್ವರ್ಟ್ ಮಾಡಲು ಕೂರುವವರಿದ್ದಾರೆ, ವ್ಯರ್ಥ. ಡೇಟಾ ಎಲ್ಲ ಹಾಗೇ ಇದೆ. ಹೊಸ ಮನೆಯ ಬಾಗಿಲಲ್ಲಿ ಹಳೇ ಮನೆಯ ಬೀಗದ ಕೈ ಹಿಡಿದು ನಿಂತಂತಾಗಿದೆ, ಅಷ್ಟೆ. ಪ್ರಾಕ್ಸ್‌ಮಾಕ್ಸ್‌ನ ಒಳಗಿರುವ ಕೆವಿಎಂನ ವರ್ಟಿಯೋ ಡಿಸ್ಕ್ ಓದುವ ಡ್ರೈವರ್ ವಿಂಡೋಸ್‌ನ ಜೊತೆಗೆ ಬರುವುದಿಲ್ಲ.

ಇದಕ್ಕೊಂದು ಸೊಗಸಾದ ಉಪಾಯವಿದೆ. ಬೂಟ್ ಡಿಸ್ಕನ್ನು ಮೊದಲು ಸಾಟಾ ಎಂದೇ ಜೋಡಿಸಿ. ವಿಂಡೋಸ್‌ಗೆ ಅದು ಗೊತ್ತು, ಎದ್ದು ಕೂರುತ್ತದೆ. ಜೊತೆಗೆ ಒಂದು ಜಿಬಿಯ ಖಾಲಿ ಡಿಸ್ಕನ್ನು ವರ್ಟಿಯೋ ಸ್ಕಝಿ ಮೂಲಕ ಕೊಡಿ. ವರ್ಟಿಯೋ ಐಎಸ್‌ಒದಿಂದ ಡ್ರೈವರ್ ಹಾಕಿ, ಆ ಪುಟ್ಟ ಡಿಸ್ಕ್ ಕಾಣಿಸಿದ ಮೇಲೆ ವಿಎಂ ಆಫ್ ಮಾಡಿ. ಈಗ ಬೂಟ್ ಡಿಸ್ಕನ್ನೂ ವರ್ಟಿಯೋಗೆ ಬದಲಿಸಿ, ಬೂಟ್ ಕ್ರಮ ಸರಿಪಡಿಸಿ, ಖಾಲಿ ಡಿಸ್ಕ್ ಕಿತ್ತುಹಾಕಿ. ಸಾಟಾದಲ್ಲೇ ನಡೆಯುತ್ತಿದೆಯಲ್ಲ ಎಂದು ಅಲ್ಲಿಗೇ ಬಿಡುವವರನ್ನೂ ಕಂಡಿದ್ದೇನೆ. ಸಾಟಾ ವರ್ಟಿಯೋಗಿಂತ ನಿಧಾನ; ಡೇಟಾಬೇಸ್ ಸರ್ವರ್‌ನಲ್ಲಿ ಅದು ಬರೀ ಸೋಮಾರಿತನ.

ಲಿನಕ್ಸ್ ಇಷ್ಟು ಸತಾಯಿಸುವುದಿಲ್ಲ, ವರ್ಟಿಯೋ ಅದರ ಕರ್ನಲ್‌ನಲ್ಲೇ ಇದೆ. ಆದರೂ ರೆಡ್‌ಹ್ಯಾಟ್ ಬಳಗದವುಗಳ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಹಳೇ ಹಾರ್ಡ್‌ವೇರಿಗೆ ಬೇಕಾದ ಡ್ರೈವರ್‌ಗಳಷ್ಟೇ ಇರುವುದುಂಟು; ಹೊರಡುವ ಮೊದಲೇ ವರ್ಟಿಯೋ ಸೇರಿಸಿ ಅದನ್ನು ಮತ್ತೆ ಕಟ್ಟಿಕೊಳ್ಳಿ. ನೆಟ್‌ವರ್ಕ್ ಕಾರ್ಡಿನ ಹೆಸರೂ ಬದಲಾಗುತ್ತದೆ. ವಿಎಂವೇರ್‌ನಲ್ಲಿ ಇಎನ್‌ಎಸ್192 ಆಗಿದ್ದದ್ದು ಪ್ರಾಕ್ಸ್‌ಮಾಕ್ಸ್‌ನಲ್ಲಿ ಇಎನ್‌ಎಸ್18 ಆಗಬಹುದು. ಸ್ಥಿರ ಐಪಿ ಹಳೇ ಹೆಸರಿಗೇ ಅಂಟಿಕೊಂಡಿದ್ದರೆ ಮಷೀನ್ ಬೂಟ್ ಆಗುತ್ತದೆ, ಪಿಂಗ್‌ಗೆ ಮಾತ್ರ ಉತ್ತರವಿಲ್ಲ.

ಹಳೆಯದು ಯುಇಎಫ್‌ಐ ಆಗಿದ್ದರೆ ಹೊಸದೂ ಯುಇಎಫ್‌ಐ ಇರಲಿ. ವಿಎಂವೇರ್ ಟೂಲ್ಸ್ ಅನ್ನು ಅಲ್ಲಿರುವಾಗಲೇ ತೆಗೆದುಬಿಡಿ. ಇಲ್ಲಿಗೆ ಬಂದಮೇಲೆ ಅದು ಅಷ್ಟು ಸುಲಭಕ್ಕೆ ಜಾಗ ಬಿಡುವುದಿಲ್ಲ. ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಕೈಯಲ್ಲಿರಲಿ, ವರ್ಚುವಲ್ ಟಿಪಿಎಂನಲ್ಲಿದ್ದ ಕೀ ಜೊತೆಗೆ ಬರುವುದಿಲ್ಲ.

ವಿಎಂಗಳು ರಾಶಿ ರಾಶಿ ಇದ್ದರೆ ರೆಡ್‌ಹ್ಯಾಟ್‌ನ ವರ್ಟ್-ವಿ2ವಿ ನೋಡಿ, ಡ್ರೈವರನ್ನೂ ಅದೇ ತುಂಬುತ್ತದೆ. ಯಾವ ದಾರಿಯಲ್ಲೇ ಬನ್ನಿ, ಹೊಸ ಜಾಗದಲ್ಲಿ ಬ್ಯಾಕಪ್ ತೆಗೆದು, ಅದನ್ನು ಒಮ್ಮೆ ರಿಸ್ಟೋರ್ ಮಾಡಿ ನೋಡುವವರೆಗೆ ದಯವಿಟ್ಟು ಹಳೇ ವಿಎಂ ಅಳಿಸಬೇಡಿ.