ಗಣ್ಯರ ಆಕಾಶದಲ್ಲಿ ಹೋಟೆಲಿನವನ ಮಗ

ಮೊದಲ ಮಹಾಯುದ್ಧದ ವೈಮಾನಿಕರ ಕಥೆ ಹೇಳುವ ಸಿನಿಮಾಗಳು ಶುರುವಿನಿಂದಲೂ ಒಂದು ಭರವಸೆಯನ್ನು ಮಾರುತ್ತ ಬಂದಿವೆ: ಮನೆತನ, ದುಡ್ಡು, ಅಂತಸ್ತು ಎಲ್ಲ ನೆಲದಲ್ಲೇ ಉಳಿಯುತ್ತವೆ, ಮೇಲೆ ಹೋದ ಮೇಲೆ ಕೈಚಳಕ ಇದ್ದವನು ಬದುಕುತ್ತಾನೆ, ಇಲ್ಲದವನು ಬೀಳುತ್ತಾನೆ. 1927ರಲ್ಲಿ ವಿಲಿಯಂ ವೆಲ್‌ಮನ್ ತೆಗೆದ ‘ವಿಂಗ್ಸ್’ ಚಿತ್ರದಲ್ಲೇ ಇದರ ಅಚ್ಚು ಸಿದ್ಧವಾಯಿತು. ಸಾಧಾರಣ ಮನೆಯ ಜ್ಯಾಕ್, ಊರಿನ ಸಿರಿವಂತರ ಮಗ ಡೇವಿಡ್, ಇಬ್ಬರಿಗೂ ಒಬ್ಬಳೇ ಹುಡುಗಿಯ ಮೇಲೆ ಕಣ್ಣು. ತರಬೇತಿ ಶಿಬಿರದಲ್ಲಿ ಒಂದು ಸಲ ಹೊಡೆದಾಡಿಕೊಂಡದ್ದೇ ಇಬ್ಬರೂ ಗೆಳೆಯರಾಗುತ್ತಾರೆ. ಅಲ್ಲಿಗೆ ವರ್ಗದ ಪ್ರಶ್ನೆ ಮುಗಿಯಿತು. ವೆಲ್‌ಮನ್ ಸ್ವತಃ ಆ ಯುದ್ಧದಲ್ಲಿ ವಿಮಾನ ಹಾರಿಸಿದವನಾದ್ದರಿಂದ ಹಾರಾಟದ ದೃಶ್ಯಗಳು ಇಂದಿಗೂ ಮೈನವಿರೇಳಿಸುತ್ತವೆ, ಅಂತಸ್ತಿನ ವಿಷಯದಲ್ಲಿ ಮಾತ್ರ ಅವನು ಜಾಣಕುರುಡ. ಹೊವಾರ್ಡ್ ಹಾಕ್ಸ್‌ನ ‘ದ ಡಾನ್ ಪೆಟ್ರೋಲ್’ (1930) ಇನ್ನೂ ಸುಲಭದ ದಾರಿ ಹಿಡಿಯಿತು: ಮೆಸ್ಸಿನಲ್ಲಿ ಕೂತು ಕುಡಿಯುವವರೆಲ್ಲ ಹೆಚ್ಚುಕಡಿಮೆ ಒಂದೇ ವರ್ಗದವರು, ಹಾಗಾಗಿ ಜಗಳಕ್ಕೆ ಆ ಕಾರಣವೇ ಇಲ್ಲ. ಈ ಭರವಸೆಯನ್ನು ಜಗ್ಗಿ ನೋಡಿದ್ದು ಜಾನ್ ಗಿಲರ್ಮಿನ್ ನಿರ್ದೇಶನದ ‘ದ ಬ್ಲೂ ಮ್ಯಾಕ್ಸ್’ (1966). ವೈಮಾನಿಕ ಶೌರ್ಯ ಎಂಬುದು ಒಂದು ವರ್ಗದ ಸೊತ್ತು, ಅದರ ಲೆಕ್ಕಪುಸ್ತಕ ಬರೆದವರೂ ಆ ವರ್ಗದವರೇ ಎಂಬುದನ್ನು ಈ ಪರಂಪರೆಯಲ್ಲಿ ಇದರಷ್ಟು ನಿಷ್ಠುರವಾಗಿ ತೋರಿಸಿದ ಇನ್ನೊಂದು ಚಿತ್ರವಿಲ್ಲ. ಆದರೆ ತಾನು ತೋರಿಸಿದ್ದಕ್ಕೆ ತಾನೇ ಅಂಜಿ, ಕೊನೆಯಲ್ಲಿ ಅದು ಹಿಂದೆ ಸರಿಯುತ್ತದೆ.

ಕಥಾನಾಯಕ ಬ್ರೂನೋ ಸ್ಟಾಕೆಲ್ (ಜಾರ್ಜ್ ಪೆಪ್ಪಾರ್ಡ್) ಜರ್ಮನ್ ಕಾಲಾಳು ಪಡೆಯ ಕಾರ್ಪೊರಲ್. 1916ರ ಕಂದಕದ ಕೆಸರಿನಲ್ಲಿ ಬಿದ್ದುಕೊಂಡು, ತಲೆಯ ಮೇಲೆ ಕಾದಾಡುತ್ತಿರುವ ವಿಮಾನಗಳನ್ನು ನೋಡುತ್ತಾನೆ. ಮಾತಿಲ್ಲದ ಆ ಒಂದೇ ನೋಟದಲ್ಲಿ ಅವನ ಮಹತ್ವಾಕಾಂಕ್ಷೆ ಹುಟ್ಟಿದ್ದು ನಮಗೆ ತಿಳಿಯುತ್ತದೆ. 1918ರಲ್ಲಿ ಲೆಫ್ಟಿನೆಂಟ್ ಆಗಿ ಅವನು ಬಂದು ಸೇರುವ ಸ್ಕ್ವಾಡ್ರನ್‌ನಲ್ಲಿ ವಿಲ್ಲಿ ಫಾನ್ ಕ್ಲೂಗರ್‌ಮನ್ ಎಂಬ ಕುಲೀನ ಮನೆತನದ ತರುಣನಿದ್ದಾನೆ. ಅವನ ಚಿಕ್ಕಪ್ಪ ಕೌಂಟ್ ಪದವಿಯ ಜನರಲ್. ಸ್ಟಾಕೆಲ್‌ನ ತಂದೆ ಒಂದು ಸಣ್ಣ ಹೋಟೆಲಿನ ಮಾಲೀಕ. ಇಬ್ಬರ ನಡುವೆ ಇರುವುದು ಚಿತ್ರಕ್ಕೆ ಹೆಸರು ಕೊಟ್ಟ ‘ಪೂರ್ ಲ ಮೆರಿತ್’ ಪದಕ. ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕ್ 1740ರಲ್ಲಿ ಸ್ಥಾಪಿಸಿದ ಈ ಗೌರವ ಯುದ್ಧದಲ್ಲಿ ಅಧಿಕಾರಿಗಳಿಗೆ ಮಾತ್ರ ಮೀಸಲಾಗಿತ್ತು. ಕೆಳದರ್ಜೆಯ ಯೋಧ ಅಷ್ಟೇ ಸಾಹಸ ಮಾಡಿದರೆ ಅವನಿಗೆ ಕೊಡಲು ಬೇರೆ ಪದಕ. ಅಂದರೆ ಗೋಡೆ ಪದಕದೊಳಗೇ ಇತ್ತು. 1916ರ ಜನವರಿಯಲ್ಲಿ ಜರ್ಮನ್ ವೈಮಾನಿಕರಾದ ಬೋಲ್ಕೆ ಮತ್ತು ಇಮ್ಮೆಲ್‌ಮನ್ ಎಂಟೆಂಟು ವಿಮಾನ ಉರುಳಿಸಿ ಅದನ್ನು ಪಡೆದರೆ, ಚಿತ್ರದ ಕಾಲಕ್ಕೆ ಅದರ ಬೆಲೆ 20 ವಿಮಾನಕ್ಕೆ ಏರಿದೆ.

ಈ ಸಂಖ್ಯೆಯೇ ಚಿತ್ರದ ಬೆನ್ನೆಲುಬು. ಸ್ಟಾಕೆಲ್ ತನ್ನ ಮೊದಲ ಹಾರಾಟದಲ್ಲೇ ಒಂದು ಬ್ರಿಟಿಷ್ ವಿಮಾನವನ್ನು ಕೆಡವುತ್ತಾನೆ. ಆದರೆ ಜೊತೆಗೆ ಹೋಗಿದ್ದ ಫೇಬಿಯನ್ ಅದೇ ಕಾಳಗದಲ್ಲಿ ಸತ್ತಿದ್ದರಿಂದ ಸಾಕ್ಷಿ ಹೇಳುವವರಿಲ್ಲ. ಸಾಕ್ಷಿಯಿಲ್ಲದ ಗೆಲುವು ಪುಸ್ತಕಕ್ಕೆ ಏರುವುದಿಲ್ಲ. ಅವನು ಸುರಿವ ಮಳೆಯಲ್ಲಿ ಹೊಲಗದ್ದೆ ಅಲೆಯುತ್ತ ಆ ವಿಮಾನದ ಅವಶೇಷ ಹುಡುಕುತ್ತಾನೆ. ಅತ್ತ ಮೆಸ್ಸಿನಲ್ಲಿ ಉಳಿದವರು ಮುಖ ಸಿಂಡರಿಸುತ್ತಾರೆ: ಸತ್ತ ಜೊತೆಗಾರನಿಗಾಗಿ ಒಂದು ಮಾತಿಲ್ಲ, ಸಿಕ್ಕದ ಒಂದು ಅಂಕಿಗಾಗಿ ಇಷ್ಟೊಂದು ಪರದಾಟ! ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಅರ್ಥಪೂರ್ಣವಾಗಿ ಕಾಣುವ ಭಾಗ ಇದು. ಹೀಗಳೆಯುತ್ತಿರುವವರೂ ಅದೇ ಅಂಕಿಗಳಿಂದ ಬಾಳುವವರು. ವಿಲ್ಲಿಯ ಕೊರಳಲ್ಲಿ ಪದಕ ಬೀಳುವುದೂ ಇಪ್ಪತ್ತು ತುಂಬಿದ್ದಕ್ಕೇ. ಆದರೆ ಅವರು ಎಣಿಸುವಾಗ ಎಣಿಸುತ್ತಿಲ್ಲವೆಂಬಂತೆ ಇರಬಲ್ಲರು. ಹಸಿದವನು ಮಾತ್ರ ತಟ್ಟೆ ನೋಡಿಕೊಂಡು ಉಣ್ಣುತ್ತಾನೆ, ಹೊಟ್ಟೆ ತುಂಬಿದವನಿಗೆ ಅದು ಅಸಹ್ಯವಾಗಿ ಕಾಣುತ್ತದೆ. ಮುಂದೊಂದು ದಿನ ಸ್ಟಾಕೆಲ್ ಶತ್ರುವಿನ ವೀಕ್ಷಣಾ ವಿಮಾನವೊಂದನ್ನು ಸೆರೆಹಿಡಿದು ತನ್ನ ನೆಲೆಯತ್ತಲೇ ತರುತ್ತಾನೆ. ಎಚ್ಚರ ತಪ್ಪಿದ್ದ ಹಿಂದಿನ ಬಂದೂಕುದಾರ ಚೇತರಿಸಿಕೊಂಡು ಅಲುಗಾಡಿದಾಗ, ಎಲ್ಲರ ಕಣ್ಣೆದುರೇ ಅದನ್ನು ಹೊಡೆದುರುಳಿಸುತ್ತಾನೆ. ಈ ಸಲ ಸಾಕ್ಷಿಗೆ ಬರವಿಲ್ಲ. ಇದು ಕೊಲೆ ಎನ್ನುತ್ತಾರೆ ಅವರು. ಹೌದೋ ಅಲ್ಲವೋ, ಸಾಕ್ಷಿ ಬೇಕೆಂದು ಅವನಿಗೆ ಕಲಿಸಿಕೊಟ್ಟದ್ದು ಅದೇ ಮೆಸ್ಸು.

ಇಲ್ಲೊಂದು ಆಕ್ಷೇಪ ಏಳುವುದು ಸಹಜ. ಸ್ಟಾಕೆಲ್ ಸುಳ್ಳುಗಾರ, ನಿರ್ದಯಿ. ಅವನ ದುರ್ಗುಣಕ್ಕೆ ವರ್ಗದ ನೆಪ ಹುಡುಕುವುದೇಕೆ? ಸೇತುವೆಯ ಕೆಳಗೆ ವಿಮಾನ ನುಗ್ಗಿಸುವ ಹುಚ್ಚು ಪಂದ್ಯದಲ್ಲಿ ವಿಲ್ಲಿ ಸತ್ತಾಗ, ಅದಕ್ಕೆ ಸ್ವಲ್ಪ ಮುಂಚೆ ವಿಲ್ಲಿ ಉರುಳಿಸಿದ್ದ ಎರಡು ವಿಮಾನಗಳನ್ನು ಸ್ಟಾಕೆಲ್ ತನ್ನ ಲೆಕ್ಕಕ್ಕೆ ಬರೆಸಿಕೊಳ್ಳುತ್ತಾನೆ, ನಿಜ. ಇದಕ್ಕೆ ಉತ್ತರ ಜೇಮ್ಸ್ ಮೇಸನ್ ವಹಿಸಿದ ಜನರಲ್‌ನ ಪಾತ್ರದಲ್ಲಿದೆ. ಸ್ಟಾಕೆಲ್ ಆಜ್ಞೆ ಮೀರಿ ಕಾಳಗಕ್ಕಿಳಿದು ಜೊತೆಗಾರರ ಸಾವಿಗೆ ಕಾರಣನಾದಾಗ, ಕಮಾಂಡರ್ ಹೈಡೆಮನ್ ಅವನನ್ನು ವಿಚಾರಣೆಗೆ ಗುರಿಪಡಿಸಬೇಕೆನ್ನುತ್ತಾನೆ. ಜನರಲ್ ಒಪ್ಪುವುದಿಲ್ಲ. ದೇಶ ಸೋಲಿನ ಅಂಚಿನಲ್ಲಿದೆ, ಬರ್ಲಿನ್ನಿನ ಬೀದಿಗಳಲ್ಲಿ ಅಶಾಂತಿ. ಈಗ ಬೇಕಾಗಿರುವುದು ಜನರ ನಡುವಿನಿಂದಲೇ ಬಂದ ಒಬ್ಬ ವೀರ. ಕುಲೀನನು ತನ್ನ ಕುಲದ ನೀತಿಯನ್ನು ಗಳಿಗೆಯಲ್ಲಿ ಪಕ್ಕಕ್ಕಿಡುತ್ತಾನೆ, ಆ ನೀತಿಯನ್ನು ಕೊನೆಯವರೆಗೆ ನಂಬಿ ಒದ್ದಾಡುವವನು ಹೈಡೆಮನ್. ಹಾಗಿದ್ದ ಮೇಲೆ ಸ್ಟಾಕೆಲ್‌ನ ತಪ್ಪು ನೀತಿ ಮುರಿದದ್ದಲ್ಲ. ಯಾರ ಅಪ್ಪಣೆಯಿಂದ ಮುರಿಯಬಹುದು ಎಂಬುದನ್ನು ಅರಿಯದೇ ಹೋದದ್ದು.

ಇನ್ನೊಂದು ಆಕ್ಷೇಪ ಇತಿಹಾಸದ ಕಡೆಯಿಂದ ಬರುತ್ತದೆ, ಅದು ಹೆಚ್ಚು ಗಟ್ಟಿ. ನಿಜವಾದ ವೈಮಾನಿಕರೆಲ್ಲ ಎಲ್ಲಿ ಕುಲೀನರಾಗಿದ್ದರು? ಬೋಲ್ಕೆ ಶಾಲಾ ಮೇಷ್ಟರ ಮಗ. 48 ವಿಮಾನ ಉರುಳಿಸಿದ ವರ್ನರ್ ಫಾಸ್ ಬಣ್ಣದ ಕಾರ್ಖಾನೆಯವರ ಮನೆಯವನು. ಬ್ರಿಟನ್ನಿನ ಮೆಕಡ್ಡೆನ್ ಸೈನ್ಯದಲ್ಲಿ ಕಹಳೆ ಊದುವ ಹುಡುಗನಾಗಿ ಸೇರಿ, ಮೆಕ್ಯಾನಿಕ್ ಆಗಿ ದುಡಿದು, ವಿಕ್ಟೋರಿಯಾ ಕ್ರಾಸ್‌ವರೆಗೆ ಬಂದವನು. ಯುದ್ಧದ ಮೊದಲ ದಿನಗಳಲ್ಲಂತೂ ಜರ್ಮನರ ಎರಡಾಸನದ ವಿಮಾನದಲ್ಲಿ ಹಿರಿತನ ವೀಕ್ಷಕ ಅಧಿಕಾರಿಯದು, ಪೈಲಟ್ ಹೆಚ್ಚಾಗಿ ಕೆಳದರ್ಜೆಯವನು, ಕಾರಿನ ಡ್ರೈವರ್‌ಗಿಂತ ಹೆಚ್ಚಿನ ಮರ್ಯಾದೆ ಇಲ್ಲದವನು. ಇದೆಲ್ಲ ಸರಿ. ಆದರೆ ಇದು ವಾದವನ್ನು ಬಲಪಡಿಸುತ್ತದೆಯೇ ಹೊರತು ಕೆಡವುವುದಿಲ್ಲ. ಮೇಷ್ಟರ ಮಗನೂ ಕಾರ್ಖಾನೆಯವನ ಮಗನೂ ಗೆಲ್ಲಬಲ್ಲ ಈ ಹೊಸ ಯಂತ್ರವಿದ್ಯೆಗೆ ಹಳೆಯ ಅಶ್ವದಳದ ಠೀವಿಯನ್ನು ತೊಡಿಸಿದ್ದು ಏಕೆ? 80 ವಿಮಾನ ಉರುಳಿಸಿದ, ಅಶ್ವದಳದಿಂದ ಬಂದ ರಿಚ್ಟ್‌ಹೋಫನ್ ಎಲ್ಲರಿಗೂ ಮಾದರಿಯಾದದ್ದು ಬರೀ ಸಂಖ್ಯೆಯಿಂದಲ್ಲ. ಅವನು ಆ ಠೀವಿಗೆ ಹುಟ್ಟಿನಿಂದಲೇ ಒಪ್ಪುತ್ತಿದ್ದ. ಚಿತ್ರದಲ್ಲಿ ಅದೇ ರಿಚ್ಟ್‌ಹೋಫನ್, ತನ್ನ ಜೀವ ಉಳಿಸಿದ ಸ್ಟಾಕೆಲ್‌ನನ್ನು ತನ್ನ ದಳಕ್ಕೆ ಕರೆಯುತ್ತಾನೆ. ಸ್ಟಾಕೆಲ್ ಒಲ್ಲೆನೆನ್ನುತ್ತಾನೆ. ತನ್ನನ್ನು ಕೀಳಾಗಿ ಕಂಡವರ ಎದುರೇ ಗೆಲ್ಲಬೇಕೆಂಬ ಹಟ ಅದು. ವೃತ್ತಿಯ ಏಳಿಗೆಯನ್ನಷ್ಟೇ ಬಯಸುವವನು ಹಾಗೆ ಮಾಡುವುದಿಲ್ಲ.

ಇಷ್ಟು ದೂರ ಬಂದ ಚಿತ್ರ ಎಡವುವುದು ಕೇಟಿಯ ಬಳಿ. ಜನರಲ್‌ನ ಹೆಂಡತಿ, ವಿಲ್ಲಿಯ ಪ್ರೇಯಸಿ, ಆಮೇಲೆ ಸ್ಟಾಕೆಲ್‌ನ ಪ್ರೇಯಸಿ (ಉರ್ಸುಲಾ ಆಂಡ್ರೆಸ್). ತನ್ನೊಡನೆ ಸ್ವಿಟ್ಜರ್ಲೆಂಡಿಗೆ ಓಡಿಬರಲು ಅವನು ಒಪ್ಪದಿದ್ದಾಗ, ಕದ್ದ ಎರಡು ಗೆಲುವಿನ ಗುಟ್ಟನ್ನು ಮೇಲಿನವರಿಗೆ ಮುಟ್ಟಿಸುತ್ತಾಳೆ. ಅಲ್ಲಿಯವರೆಗೆ ಸಾಕ್ಷಿ, ಸಂಖ್ಯೆ, ಅಧಿಕಾರದ ನಡುವೆ ನಡೆಯುತ್ತಿದ್ದ ಜಗಳ ತಿರಸ್ಕೃತ ಹೆಣ್ಣಿನ ಸೇಡಿನ ಮಟ್ಟಕ್ಕೆ ಇಳಿಯುತ್ತದೆ. ಬಳಿಕ ಜನರಲ್, ಅಪಾಯಕಾರಿ ಎಂದು ಹೈಡೆಮನ್ ವರದಿ ಮಾಡಿದ ಹೊಸ ವಿಮಾನವನ್ನು ಹಾರಿಸಲು ಸ್ಟಾಕೆಲ್‌ಗೆ ಹೇಳಿ ಅವನನ್ನು ಮುಗಿಸುತ್ತಾನೆ, ಅವನ ಕಡತಕ್ಕೆ ಸಹಿ ಹಾಕುತ್ತಾನೆ. ಮೇಸನ್‌ನ ತಣ್ಣಗಿನ ಅಭಿನಯ ಅಪೂರ್ವ. ಆದರೆ ಪ್ರೇಕ್ಷಕ ಕಳ್ಳನಿಗೆ ತಕ್ಕ ಶಾಸ್ತಿಯಾಯಿತೆಂದು ನೆಮ್ಮದಿಯಿಂದ ಎದ್ದು ಹೋಗಬಹುದು. ಮೂಲ ಕಾದಂಬರಿಯ ಲೇಖಕ ಜ್ಯಾಕ್ ಹಂಟರ್ ಅವನನ್ನು ಸಾಯಿಸಲಿಲ್ಲ. ಇತಿಹಾಸವೂ ಹಂಟರ್‌ನ ಪಕ್ಷದಲ್ಲೇ ಇದೆ: 1918ರಲ್ಲಿ ಇದೇ ಪದಕ ಪಡೆದ ಹೆರ್ಮನ್ ಗೋರಿಂಗ್ ಬದುಕುಳಿದು ನಾಜಿ ವಾಯುಪಡೆಯ ಮುಖ್ಯಸ್ಥನಾದ. ಅಂಕಿಗಳಿಂದ ವೀರರನ್ನು ತಯಾರಿಸುವ ಆ ಪದ್ಧತಿ ಒಂದು ವಿಮಾನದ ರೆಕ್ಕೆ ಮುರಿದರೆ ನಿಲ್ಲುವಂಥದ್ದಾಗಿರಲಿಲ್ಲ.

ಝಾನ್ ರೆನ್ವಾರ್ 1937ರಲ್ಲೇ ‘ಲ ಗ್ರಾಂದ್ ಇಲ್ಯೂಸಿಯೊಂ’ ಚಿತ್ರದಲ್ಲಿ ಇದೇ ವಿಷಯವನ್ನು ಕಾಳಗದ ಒಂದು ದೃಶ್ಯವೂ ಇಲ್ಲದೆ ಹೇಳಿದ್ದ. ಜರ್ಮನ್ ರೌಫೆನ್‌ಸ್ಟೈನ್ ಮತ್ತು ಫ್ರೆಂಚ್ ಬೊಯೆಲ್ದಿಯು ಶತ್ರುಗಳಾದರೂ ಒಂದೇ ಕುಲದವರು. ಬೊಯೆಲ್ದಿಯುವಿಗೆ ತನ್ನದೇ ಸೈನ್ಯದ, ಸಾಧಾರಣ ಮನೆಯ ಮರೇಶಾಲ್ ಎಂಬವನಿಗಿಂತ ರೌಫೆನ್‌ಸ್ಟೈನನೇ ಹತ್ತಿರ. ರೆನ್ವಾರ್‌ಗೆ ಆ ಕುಲ ಮುಳುಗುತ್ತಿರುವ ಬಗ್ಗೆ ಮರುಕವಿತ್ತು, ಗಿಲರ್ಮಿನ್‌ಗೆ ಅದು ಮುಳುಗುತ್ತದೆಂಬ ನಂಬಿಕೆಯೇ ಇಲ್ಲ. ಕಲೆಯಾಗಿ ರೆನ್ವಾರ್‌ನದು ಎತ್ತರದ ಚಿತ್ರ, ಅನುಮಾನವಿಲ್ಲ. ಆದರೆ ಸಂಶಯದ ಚುರುಕು ಗಿಲರ್ಮಿನ್‌ನಲ್ಲಿ ಹೆಚ್ಚು. ಆಮೇಲಿನವರು ಇಬ್ಬರಿಂದಲೂ ಕಲಿತಂತೆ ಕಾಣುವುದಿಲ್ಲ. ‘ಏಸಸ್ ಹೈ’ (1976) ದುಬಾರಿ ಶಾಲೆಯ ಹುಡುಗರ ಸಾವಿಗೆ ಮರುಗಿತು, 2008ರ ಜರ್ಮನ್ ಚಿತ್ರ ‘ದೆರ್ ರೋಟೆ ಬರೋನ್’ ಅಂತೂ ರಿಚ್ಟ್‌ಹೋಫನ್‌ನನ್ನು ಮತ್ತೆ ಸುಂದರ ಸರದಾರನನ್ನಾಗಿಸಿತು. 1918ರ ಜುಲೈ ಒಂದೇ ತಿಂಗಳಲ್ಲಿ ಹತ್ತು ಗೆಲುವು ಗಳಿಸಿ, ಹತ್ತೊಂಬತ್ತರ ಪ್ರಾಯದಲ್ಲಿ ಸತ್ತ ಕಲ್ಕತ್ತೆಯ ಇಂದ್ರಲಾಲ್ ರಾಯ್‌ನಂಥವನಿಗೆ ಈ ಪರಂಪರೆಯ ಹೆಸರಾಂತ ಚಿತ್ರಗಳ ಮೆಸ್ಸಿನಲ್ಲಿ ಒಂದು ಕುರ್ಚಿಯೂ ಇಲ್ಲ. ಹೋಟೆಲಿನವನ ಮಗನಿಗೆ ಅಷ್ಟಾದರೂ ಸಿಕ್ಕಿತ್ತು.