ಆಲ್ಬರ್ಟೊನ ‘ಆಯ್ಕೆ’: ದುಡಿಯುವ ವಯಸ್ಕರ ಇಂಗ್ಲಿಷ್ ಕಲಿಕೆಯ ಕುರಿತು ಒಂದು ಮರುಓದು

ಪರದೇಶದಲ್ಲಿ ದುಡಿಯುತ್ತ ಇಂಗ್ಲಿಷ್ ಕಲಿಯುವ ವಯಸ್ಕರ ಕುರಿತ ಚರ್ಚೆಗಳಲ್ಲಿ ಜಾನ್ ಶೂಮನ್ ಅವರ ಆಲ್ಬರ್ಟೊನಷ್ಟು ಉಲ್ಲೇಖಗೊಂಡವರು ವಿರಳ. ಕೋಸ್ಟರಿಕಾದಿಂದ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ನಗರಕ್ಕೆ ಬಂದಿದ್ದ, 33 ವರ್ಷದ ಈತನ ಮಾತನ್ನು ಹತ್ತು ತಿಂಗಳ ಕಾಲ ಗಮನಿಸಲಾಯಿತು. ಅಧ್ಯಯನಕ್ಕೊಳಗಾದ ಆರು ಮಂದಿ ಸ್ಪ್ಯಾನಿಷ್ ಭಾಷಿಕರಲ್ಲಿ ಅತ್ಯಂತ ಕಡಿಮೆ ಮುನ್ನಡೆ ಕಂಡವನು ಆಲ್ಬರ್ಟೊ. ಕ್ರಿಯಾಪದದ ಹಿಂದೆ ‘ನೋ’ ಇರಿಸಿ ನಿಷೇಧ ವಾಕ್ಯ ರಚಿಸುವ ಆರಂಭಿಕ ಹಂತವನ್ನು ಆತ ಬಹುಮಟ್ಟಿಗೆ ದಾಟಲಿಲ್ಲ. 1978ರ ‘ದಿ ಪಿಜಿನೈಸೇಷನ್ ಪ್ರೊಸೆಸ್’ ಕೃತಿಯಲ್ಲಿ ಶೂಮನ್ ಇದಕ್ಕೆ ವಯಸ್ಸಾಗಲಿ ಬುದ್ಧಿಶಕ್ತಿಯಾಗಲಿ ಕಾರಣವಲ್ಲವೆಂದು ವಾದಿಸಿ, ಇಂಗ್ಲಿಷ್ ಭಾಷಿಕ ಸಮಾಜದಿಂದ ಆತನಿಗಿದ್ದ ಸಾಮಾಜಿಕ ಹಾಗೂ ಮಾನಸಿಕ ಅಂತರವನ್ನು ಮುಂದಿಟ್ಟರು. ಸಿದ್ಧಾಂತದ ಉಳಿದ ವಿವರಗಳು ಈ ಪತ್ರಿಕೆಯ ಓದುಗರಿಗೆ ಪರಿಚಿತ. ಮಾನಸಿಕ ಅಂತರಕ್ಕೆ ಅಲ್ಲಿ ಒದಗಿಸಿದ ಸಾಕ್ಷ್ಯವನ್ನಷ್ಟೇ ಇಲ್ಲಿ ಪರಿಶೀಲಿಸುತ್ತೇನೆ.

ಆ ಸಾಕ್ಷ್ಯವೆಂದರೆ ಇಷ್ಟು: ಆಲ್ಬರ್ಟೊನ ಬಳಿ ಟಿವಿ ಇರಲಿಲ್ಲ, ಬೆಲೆಬಾಳುವ ಸ್ಟೀರಿಯೊ ಕೊಂಡು ಹೆಚ್ಚಾಗಿ ಸ್ಪ್ಯಾನಿಷ್ ಸಂಗೀತ ಕೇಳುತ್ತಿದ್ದ, ಇಂಗ್ಲಿಷ್ ತರಗತಿಗಳು ಲಭ್ಯವಿದ್ದರೂ ಹಗಲಿನ ಜೊತೆಗೆ ರಾತ್ರಿಯೂ ದುಡಿಯುವುದನ್ನು ಆರಿಸಿಕೊಂಡ. ಮನೋಭಾವ ಮತ್ತು ಪ್ರೇರಣೆಯನ್ನು ತಿಳಿಯಲು ಆತನಿಗೆ ನೀಡಿದ ಪ್ರಶ್ನಾವಳಿ ಮಾತ್ರ ಇದಕ್ಕೆ ವ್ಯತಿರಿಕ್ತವಾದ ಫಲಿತಾಂಶ ಕೊಟ್ಟಿತು. ಪ್ರೇರಣೆ ಚೆನ್ನಾಗಿಯೇ ಇತ್ತು. ಆಗ ಶೂಮನ್, ಯಾರನ್ನೂ ಅಸಮಾಧಾನಗೊಳಿಸಲು ಇಷ್ಟಪಡದ ಆತ ಸಂಶೋಧಕರಿಗೆ ಹಿತವಾಗುವ ಉತ್ತರ ಕೊಟ್ಟಿರಬಹುದೆಂದು ಸಂಶಯಪಡುತ್ತಾರೆ. ಕಲಿಯುವವನ ಮಾತು ಸಿದ್ಧಾಂತಕ್ಕೆ ಒಗ್ಗದಾಗ ಮಾತನ್ನು ಬದಿಗಿರಿಸಿ, ಆತನ ಸ್ಟೀರಿಯೊವನ್ನು ನಂಬಿದಂತಾಯಿತು. ಪ್ರಶ್ನಾವಳಿಗಳ ಬಗೆಗಿನ ಸಂಶಯ ಸಾಧುವೇ. ಆದರೆ ಸಂಶಯ ಒಂದೇ ದಿಕ್ಕಿಗೆ ಹರಿಯುವುದು ಸಾಧುವಲ್ಲ.

ಇದಕ್ಕಿಂತ ಗಂಭೀರವಾದ ತೊಡಕು ಕೃತಿಯೊಳಗೇ ಇದೆ. ಶೂಮನ್ ಆಲ್ಬರ್ಟೊನಿಗೆ ನಿಷೇಧ ವಾಕ್ಯಗಳನ್ನು ತಿಂಗಳುಗಟ್ಟಲೆ ಉದ್ದೇಶಪೂರ್ವಕವಾಗಿ ಕಲಿಸಿ ನೋಡಿದರು. ಅಭ್ಯಾಸಗಳಲ್ಲಿ ಆತ ಸುಧಾರಿಸಿದ; ಸಹಜ ಮಾತಿನಲ್ಲಿ ಬದಲಾವಣೆ ಕಾಣಲಿಲ್ಲ. ಬೋಧನೆಯಿಂದ ಸಹಜ ಮಾತು ಬದಲಾಗಲಿಲ್ಲವೆಂದು ಒಂದೆಡೆ ತೋರಿಸಿ, ಬೋಧನೆಗೆ ಹೋಗದಿರುವುದನ್ನು ಇನ್ನೊಂದೆಡೆ ಪ್ರೇರಣೆಯ ಕೊರತೆಗೆ ಪುರಾವೆಯಾಗಿಸುವುದು ಸಮಂಜಸವೇ? ಎರಡು ಪಾಳಿ ದುಡಿಯುವವನಿಗೆ ತರಗತಿಯ ಹೊತ್ತೆಂದರೆ ಕಳೆದುಕೊಳ್ಳುವ ಕೂಲಿ. ಇದನ್ನು ‘ಆಯ್ಕೆ’ ಎಂದು ಕರೆಯುವುದರಲ್ಲಿ ಕೂಲಿಯ ಲೆಕ್ಕ ಮನಸ್ಸಿನ ಲಕ್ಷಣವಾಗಿ ಮಾರ್ಪಡುತ್ತದೆ.

ಅಂತರ ಹುಟ್ಟುವುದು ಕಲಿಯುವವನ ಮನಸ್ಸಿನಲ್ಲಿ ಮಾತ್ರವೇ? ಬ್ರಿಟನ್ನಿನ ವಿಮಾನನಿಲ್ದಾಣವೊಂದರ ಸಿಬ್ಬಂದಿ ಕ್ಯಾಂಟೀನಿನಲ್ಲಿ ಕೆಲಸಕ್ಕೆ ಸೇರಿದ ಭಾರತೀಯ ಮತ್ತು ಪಾಕಿಸ್ತಾನಿ ಮಹಿಳೆಯರ ಬಗ್ಗೆ ಜಾನ್ ಗಂಪರ್ಜ್ 1982ರಲ್ಲಿ ಬರೆದುದು ಇಲ್ಲಿ ಸ್ಮರಣೀಯ. ಬಡಿಸುವಾಗ ‘ಗ್ರೇವಿ ಬೇಕೆ’ ಎಂಬರ್ಥದಲ್ಲಿ ಬ್ರಿಟಿಷ್ ಪರಿಚಾರಿಕೆಯರು ‘ಗ್ರೇವಿ’ ಎಂಬ ಒಂದೇ ಪದವನ್ನು ಏರುಸ್ವರದಲ್ಲಿ ನುಡಿಯುತ್ತಿದ್ದರು. ಈ ಮಹಿಳೆಯರು ಅದನ್ನೇ ಇಳಿಸ್ವರದಲ್ಲಿ ನುಡಿದಾಗ ‘ಇದು ಗ್ರೇವಿ, ತೆಗೆದುಕೊ’ ಎಂಬ ಒರಟುತನ ಕೇಳಿಸಿತು. ಪದ ತಪ್ಪಲ್ಲ, ವ್ಯಾಕರಣವೂ ತಪ್ಪಲ್ಲ. ಆದರೂ ಅವರಿಗೆ ಸಿಡುಕಿನವರೆಂಬ ಹೆಸರು ಬಂತು, ಅವರಿಗೋ ತಾರತಮ್ಯದ ಅನುಭವವಾಯಿತು. ಧ್ವನಿಮುದ್ರಣವನ್ನು ಇಬ್ಬರಿಗೂ ಕೇಳಿಸಿ ಚರ್ಚಿಸಿದ ಮೇಲೆಯೇ ಕಾರಣ ತಿಳಿದದ್ದು. ಇದೇ ಗಂಪರ್ಜ್ 1971ರಲ್ಲಿ ವಿಲ್ಸನ್ ಅವರೊಡನೆ ಮಹಾರಾಷ್ಟ್ರದ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಒಂದನ್ನೊಂದು ಸಮೀಪಿಸಿದ್ದನ್ನು ವಿವರಿಸಿದ್ದರು. ಅಲ್ಲಿ ವಿವರಣೆ ನಿಂತದ್ದು ದಿನನಿತ್ಯದ ವ್ಯವಹಾರದ ಮೇಲೆ, ಯಾರೊಬ್ಬರ ಪ್ರೇರಣೆಯ ಮೇಲಲ್ಲ. (ಕನ್ನಡದ ಸಂಶೋಧಕರು ಕುಪ್ವಾಡವನ್ನು ಉಪಭಾಷೆಗಳ ಅಧ್ಯಾಯದಲ್ಲೇ ಬಿಟ್ಟುಬಿಡುವುದು ನನಗೆ ವಿಚಿತ್ರವಾಗಿ ತೋರುತ್ತದೆ.)

1995ರಲ್ಲಿ ಬಾನಿ ನಾರ್ಟನ್ ಕೆನಡಾದ ವಲಸಿಗ ಮಹಿಳೆಯರ ಅಧ್ಯಯನದಿಂದ ಈ ಚರ್ಚೆಗೆ ಅಧಿಕಾರದ ಪ್ರಶ್ನೆಯನ್ನು ತಂದರು. ಉಪಾಹಾರಗೃಹದಲ್ಲಿ ಕಸ ತೆಗೆಯುವಂಥ ಕೆಲಸಗಳು ಪಾಲಿಗೆ ಬಂದ ಈವಾಳೊಡನೆ ಸಹೋದ್ಯೋಗಿಗಳು ಮಾತನಾಡುತ್ತಲೇ ಇರಲಿಲ್ಲ. ಮಾತಿಲ್ಲದ ಕೆಲಸದಲ್ಲಿ ಪ್ರೇರಣೆ ಎಷ್ಟಿದ್ದರೇನು?

ಹಾಗೆಂದು, ಅವಕಾಶ ದೊರೆತರೆ ವ್ಯಾಕರಣ ತಾನಾಗಿ ಒಲಿಯುತ್ತದೆಂಬುದು ನನ್ನ ವಾದವಲ್ಲ. ರಿಚರ್ಡ್ ಶ್ಮಿಟ್ 1983ರಲ್ಲಿ ವಿವರಿಸಿದ ವೆಸ್ ಅದಕ್ಕೆ ಅಡ್ಡ ನಿಲ್ಲುತ್ತಾನೆ. ಹವಾಯಿಯಲ್ಲಿ ನೆಲೆಸಿದ ಈ ಜಪಾನೀ ಕಲಾವಿದನಿಗೆ ಇಂಗ್ಲಿಷ್ ಭಾಷಿಕರ ಒಡನಾಟ ಧಾರಾಳವಾಗಿತ್ತು, ಅಂತರ ತೀರ ಕಡಿಮೆ. ಮೂರು ವರ್ಷಗಳಲ್ಲಿ ಆತನ ವ್ಯಾಕರಣ ಹೆಚ್ಚೇನೂ ಬೆಳೆಯಲಿಲ್ಲ. ಸಂವಹನ ಸಾಮರ್ಥ್ಯ ಮಾತ್ರ ಗಮನಾರ್ಹವಾಗಿ ಬೆಳೆಯಿತು. ಶೂಮನ್ ಸಿದ್ಧಾಂತಕ್ಕೆ ಇದು ನೇರ ಪೆಟ್ಟು. ಜೊತೆಗೆ ಆಲ್ಬರ್ಟೊನ ಬಗ್ಗೆಯೂ ಒಂದು ಪ್ರಶ್ನೆ ತೆರೆದುಕೊಳ್ಳುತ್ತದೆ: ಹಗಲಿನ ಮತ್ತು ರಾತ್ರಿಯ ಆ ಎರಡು ಕೆಲಸಗಳಲ್ಲಿ ಆತ ಯಾರೊಡನೆ, ಯಾವ ಭಾಷೆಯಲ್ಲಿ, ಏನನ್ನು ಮಾತನಾಡಿ ನಿಭಾಯಿಸುತ್ತಿದ್ದ? ನಿಷೇಧ ವಾಕ್ಯಗಳ ಎಣಿಕೆಯಿಂದ ಇದಕ್ಕೆ ಉತ್ತರ ಸಿಗುವುದಿಲ್ಲ.