ಆಣೆಗೆ ನಿಂತ ಸಾಕ್ಷಿಗಳು

ಗಿರೀಶ ಕಾರ್ನಾಡರ 'ನಾಗಮಂಡಲ'ದಲ್ಲಿ (1988) ಹಾದರದ ಆರೋಪ ಹೊತ್ತ ರಾಣಿ ಊರ ಪಂಚರ ಎದುರು ಹುತ್ತಕ್ಕೆ ಕೈಹಾಕಿ ನಾಗರಹಾವು ಹಿಡಿದು ಆಣೆ ಮಾಡುತ್ತಾಳೆ. ಗಂಡನನ್ನೂ ಕೈಯಲ್ಲಿರುವ ಈ ಹಾವನ್ನೂ ಬಿಟ್ಟು ಬೇರೆ ಗಂಡುಜೀವವನ್ನು ಮುಟ್ಟಿಲ್ಲ ಎನ್ನುತ್ತಾಳೆ. ಮಾತು ಅಕ್ಷರಶಃ ನಿಜ. ರಾತ್ರಿ ಗಂಡ ಅಪ್ಪಣ್ಣನ ರೂಪದಲ್ಲಿ ಬರುತ್ತಿದ್ದವನು ಆ ನಾಗನೇ ಎಂಬುದು ಪಂಚರಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಹಾವು ಕಚ್ಚದೆ ಅವಳ ತಲೆಯ ಮೇಲೆ ಹೆಡೆ ಬಿಚ್ಚುತ್ತದೆ. ಹೆಂಡತಿಯನ್ನು ಒಳಗೆ ಕೂಡಿಹಾಕಿ, ಬೀಗ ಜಡಿದು, ಇನ್ನೊಬ್ಬಳ ಮನೆಗೆ ಹೋಗುತ್ತಿದ್ದ ಅಪ್ಪಣ್ಣನಿಗೆ ಮಾತ್ರ ಯಾರೂ ಆಣೆ ಇಡು ಎನ್ನುವುದಿಲ್ಲ.

ತಿಲಕ್ ನಗರದ ನಮ್ಮಂಥ ನಾಟಕದ ಹುಚ್ಚಿನವರಿಗೆ ಜೆ.ಪಿ. ನಗರದ ರಂಗಶಂಕರ ಹತ್ತಿರ. 2004ರಲ್ಲಿ ತೆರೆದ ಆ ರಂಗಮಂದಿರದಿಂದ ಹೊರಬರುವಾಗೆಲ್ಲ ಒಂದು ಪ್ರಶ್ನೆ ಕಾಡುತ್ತದೆ. ಹಾವು, ಮರ, ದೈವ, ಶಾಪಗಳನ್ನು ಜನಪದದಿಂದಲೂ ಪುರಾಣದಿಂದಲೂ ಎತ್ತಿಕೊಂಡ ನಮ್ಮ ಆಧುನಿಕ ನಾಟಕ, ಸಿನಿಮಾಗಳು ಅವುಗಳ ಜೊತೆಗಿದ್ದ ನ್ಯಾಯವನ್ನೂ ತಂದವೇ?

ಏಕೆಂದರೆ ಮೂಲದಲ್ಲಿ ಅದೊಂದು ನ್ಯಾಯದ ಏರ್ಪಾಡು. ಪುಣ್ಯಕೋಟಿ ಕರುವಿಗೆ ಹಾಲೂಡಿಸಿ ಬರುತ್ತೇನೆಂದು ಕೊಟ್ಟ ಮಾತು ಅವಳನ್ನಷ್ಟೇ ಕಟ್ಟುವುದಿಲ್ಲ, ಕೊನೆಗೆ ಹುಲಿಯನ್ನೇ ಕಟ್ಟುತ್ತದೆ. ಶಾಪವಂತೂ ಬೇರೆ ದಾರಿಯೇ ಉಳಿಯದವರ ಕೊನೆಯ ಅಸ್ತ್ರ. 1610ರಲ್ಲಿ ಶ್ರೀರಂಗಪಟ್ಟಣ ರಾಜ ಒಡೆಯರ ಕೈಸೇರಿದಾಗ ಒಡವೆಗಾಗಿ ಬೆನ್ನಟ್ಟಿದ ಸೈನಿಕರ ಎದುರು ಅಲಮೇಲಮ್ಮ ಶಾಪವಿಟ್ಟು ಕಾವೇರಿಗೆ ಹಾರಿದ ಐತಿಹ್ಯ ಎಲ್ಲರಿಗೂ ಗೊತ್ತು. ತಲಕಾಡಿನ ಮರಳು, ಮಾಲಂಗಿಯ ಮಡು ಅವಳ ಪರವಾಗಿ ಇಂದಿಗೂ ಸಾಕ್ಷಿ ಹೇಳುತ್ತಿವೆ ಎಂದೇ ಜನ ನಂಬಿದ್ದಾರೆ. ತುಳುವಿನ ಸಿರಿ ಇನ್ನೂ ದೊಡ್ಡವಳು. 1990ರಲ್ಲಿ ಗೋಪಾಲ ನಾಯ್ಕರು ಹಾಡಿ, ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರ ತಂಡ ದಾಖಲಿಸಿಕೊಂಡ ಸಿರಿ ಪಾಡ್ದನ 15,683 ಸಾಲುಗಳಷ್ಟಿದೆ. ಅಜ್ಜನ ಆಸ್ತಿಯ ಹಕ್ಕು ಕೈತಪ್ಪಿದಾಗ ಸಿರಿಯ ಮಾತಿಗೆ ಸತ್ಯನಾಪುರದ ಅರಮನೆ ಹೊತ್ತಿ ಉರಿಯುತ್ತದೆ. ಈ ಕಥೆಗಳಲ್ಲಿ ಶಾಪದ ಹಿಂದೆ ತೀರದ ಬಾಕಿಯೊಂದು ಇದ್ದೇ ಇರುತ್ತದೆ.

ಕಾರ್ನಾಡರಿಗೆ ಇದು ಮೊದಲಿನಿಂದಲೂ ಗೊತ್ತಿತ್ತು. 1961ರ 'ಯಯಾತಿ'ಯಲ್ಲಿ ಶುಕ್ರಾಚಾರ್ಯರ ಶಾಪ ತಂದೆಯಿಂದ ಮಗನಿಗೆ ದಾಟುತ್ತದೆ. ಆದರೆ ಅದರ ಬೆಲೆ ತೆರುವವಳು ಮಹಾಭಾರತದಲ್ಲಿಲ್ಲದ, ಅವರೇ ಸೃಷ್ಟಿಸಿದ ಸೊಸೆ ಚಿತ್ರಲೇಖೆ. ಗಂಡನ ತಾರುಣ್ಯ ಮಾವನ ಮೈಸೇರಿದ ಮೇಲೆ ತಾನು ಯಾರವಳು ಎಂದು ಅವಳು ಯಯಾತಿಯನ್ನೇ ಕೇಳುತ್ತಾಳೆ, ಉತ್ತರ ಸಿಗದೆ ಪ್ರಾಣ ಬಿಡುತ್ತಾಳೆ. 'ಅಗ್ನಿ ಮತ್ತು ಮಳೆ' (1994) ನನಗೆ ಕಸಿವಿಸಿ ತರುವುದು ಇಲ್ಲಿಯೇ. ಇಂದ್ರ ವರ ಕೊಡುವಾಗ ಅರವಸು ಸತ್ತ ಪ್ರೇಯಸಿ ನಿತ್ತಿಲೆಯ ಜೀವ ಕೇಳದೆ ಬ್ರಹ್ಮರಾಕ್ಷಸನ ಬಿಡುಗಡೆ ಕೇಳುತ್ತಾನೆ, ಮಳೆ ಬರುತ್ತದೆ. ನಿತ್ತಿಲೆಯೂ ಇದನ್ನೇ ಬಯಸುತ್ತಿದ್ದಳು ಎಂದು ವಾದಿಸುವವನು ಬ್ರಹ್ಮರಾಕ್ಷಸ! ಕಾಡಿನ ಹುಡುಗಿಯ ಪರವಾಗಿ ಕಾಡು ಒಂದು ಮಾತೂ ಆಡದಿರುವುದು ಅಷ್ಟು ದೊಡ್ಡ ನಾಟಕದ ಕೊರತೆಯೆಂದೇ ನನ್ನ ಭಾವನೆ.

ಚಂದ್ರಶೇಖರ ಕಂಬಾರರ 'ಸಿರಿಸಂಪಿಗೆ'ಗೆ 1991ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರ ಹಾಡು, ಕುಣಿತದ ಸೊಬಗಿಗೆ ಸಾಟಿಯಿಲ್ಲ. ಆದರೆ ಅಲ್ಲಿಯ ಹಾವು ರಾಜಕುಮಾರ ಶಿವನಾಗನದೇ ಅರ್ಧ. ಗಂಡಸಿನ ಒಡಕು ಮನಸ್ಸಿಗೆ ರೂಪವಾದ ಹಾವು ಹೆಣ್ಣಿನ ಪರ ಸಾಕ್ಷಿ ನಿಲ್ಲುವುದು ಕಷ್ಟ. ರಾಣಿಯ ನಾಗ ಹುತ್ತದಿಂದ ಬಂದವನು, ಅಪ್ಪಣ್ಣನ ಹಂಗಿಲ್ಲದವನು.

2022ರ 'ಕಾಂತಾರ' ಚಿತ್ರ ಈ ಪರಂಪರೆಯನ್ನು ಮತ್ತೆ ನೆಲಕ್ಕಿಳಿಸಿತು. 1847ರಲ್ಲಿ ರಾಜನೊಬ್ಬ ನೆಮ್ಮದಿಗಾಗಿ ದೈವದ ಕಲ್ಲನ್ನು ಒಯ್ಯುತ್ತಾನೆ, ಬದಲಿಗೆ ಕಾಡಿನ ಜನಕ್ಕೆ ಭೂಮಿ ಬಿಡುತ್ತಾನೆ. ಮಾತಿಗೆ ತಪ್ಪಿದರೆ ಪಂಜುರ್ಲಿ ದೈವ ಕ್ಷಮಿಸಿದರೂ ಜೊತೆಯ ಗುಳಿಗ ದೈವ ಕ್ಷಮಿಸುವುದಿಲ್ಲ. 1970ರಲ್ಲಿ ಭೂಮಿ ವಾಪಸು ಕೇಳಿದ ವಾರಸುದಾರ ಕೋರ್ಟಿನ ಮೆಟ್ಟಿಲ ಮೇಲೆ ರಕ್ತ ಕಾರಿ ಸಾಯುತ್ತಾನೆ. ದೈವದ ಕಟ್ಟೆಯೂ ಸರ್ಕಾರಿ ಕೋರ್ಟೂ ಎದುರುಬದುರಾಗುವ ಆ ಭಾಗದ ಬಿಗಿಯನ್ನು ನಮ್ಮ ಸಿನಿಮಾಗಳಲ್ಲಿ ನಾನು ಕಂಡದ್ದು ಕಡಿಮೆ. ಆಮೇಲೆ ಚಿತ್ರ ಹಾದಿ ಬದಲಿಸುತ್ತದೆ. ದೈವಾರಾಧನೆಯ ನಿಜವಾದ ಕೋಲದಲ್ಲಿ ದೈವ ಎರಡೂ ಕಡೆಯ ಅಹವಾಲು ಕೇಳಿ ನುಡಿ ಕೊಡುತ್ತದೆ. ಚಿತ್ರದಲ್ಲಿ ಗುಳಿಗ ನಾಯಕನ ಮೈಗೆ ಬಂದು ಹೊಡೆದಾಡುತ್ತಾನೆ, ಅಹವಾಲಿಗೆ ಜಾಗವೇ ಇಲ್ಲ. ಅಲಮೇಲಮ್ಮ, ಸಿರಿಯರ ನಾಡಿನ ಈ ಕಥೆಯಲ್ಲಿ ಶಾಪ ಹಾಕುವ, ನ್ಯಾಯ ಕೇಳುವ ಹೆಣ್ಣೂ ಒಬ್ಬಳಿಲ್ಲ.

ಕೊನೆಯ ಕೋಲದಲ್ಲಿ ದೈವ ಊರವರ ಕೈಯನ್ನೂ ಕಾಡಿನ ವಿಷಯಕ್ಕೆ ಅವರೊಡನೆ ಜಗಳಕ್ಕಿಳಿದಿದ್ದ ಅರಣ್ಯಾಧಿಕಾರಿಯ ಕೈಯನ್ನೂ ಒಟ್ಟಿಗೆ ಸೇರಿಸುತ್ತದೆ. ದೃಶ್ಯ ಚೆನ್ನಾಗಿದೆ, ಕಣ್ಣು ತುಂಬುತ್ತದೆ. ಆದರೆ ಮೊದಲ ಒಪ್ಪಂದಕ್ಕೆ ದೈವದ ಕೂಗು ಕೇಳುವಷ್ಟು ದೂರ ಎಂಬ ಗಡಿಯಿತ್ತು, ಮುರಿದರೆ ಏನಾದೀತೆಂಬ ಎಚ್ಚರಿಕೆಯಿತ್ತು. ಈ ಎರಡನೆಯ ಒಪ್ಪಂದದಲ್ಲಿ ಎಷ್ಟು ಕಾಡು, ಯಾರ ಹೆಸರಿಗೆ, ಅರಣ್ಯ ಇಲಾಖೆ ಮಾತಿಗೆ ತಪ್ಪಿದರೆ ಕೇಳುವವರು ಯಾರು ಎಂಬುದು ಒಂದೂ ಇಲ್ಲ.